ರ‍್ಯಾಕಿನ ಪರದೆಯಲ್ಲಿ ಒಂದು ದರ, ಬಿಲ್ಲಿನಲ್ಲಿ ಇನ್ನೊಂದು: ಓದುಗರ ಪ್ರಶ್ನೆಗಳಿಗೆ ಉತ್ತರ

ಅಂಗಡಿಯ ರ‍್ಯಾಕಿನ ಅಂಚಿಗೆ ಕಾಗದದ ಚೀಟಿಯ ಬದಲು ಸಿಕ್ಕಿಸುವ ದರದ ಪರದೆಗಳ, ಅಂದರೆ ಎಲೆಕ್ಟ್ರಾನಿಕ್ ಲೇಬಲ್ಲುಗಳ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದರೆ ಸೇರಿಸಿದ್ದೇವೆ, ಉದ್ದದ ಪತ್ರಗಳನ್ನು ಮೊಟಕುಗೊಳಿಸಿದ್ದೇವೆ.

ಪ್ರಶ್ನೆ: ಬಿಜೈಯಲ್ಲಿ ನಮ್ಮದು 3,000 ಚದರಡಿಯ ಸೂಪರ್ ಮಾರ್ಕೆಟ್. ಸುಮಾರು 3,000 ಬಗೆಯ ಸಾಮಾನು ಇದೆ. ಲೇಬಲ್ ಒಂದಕ್ಕೆ 650 ರೂಪಾಯಿಯಂತೆ ಕೊಟೇಶನ್ ಬಂದಿದೆ. ಎರಡು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್ ಅಂತ ಸೇಲ್ಸಿನವರು ಹೇಳುತ್ತಾರೆ. ನಂಬಬಹುದಾ?
– ಅಂಗಡಿ ಮಾಲೀಕರು, ಮಂಗಳೂರು

ಉತ್ತರ: ಇಡೀ ಅಂಗಡಿಗೆ ಹಾಕಿಸಿದರೆ ವಾಪಸ್ ಬರುವುದಿಲ್ಲ. 3,000 ಲೇಬಲ್‌ಗೆ 650ರಂತೆ 19.5 ಲಕ್ಷ. ಗೇಟ್‌ವೇ (ಲೇಬಲ್ಲುಗಳಿಗೆ ತಂತಿಯಿಲ್ಲದೆ ದರ ಕಳಿಸುವ ಪೆಟ್ಟಿಗೆ), ರ‍್ಯಾಕಿಗೆ ಕೂರಿಸುವ ಪ್ಲಾಸ್ಟಿಕ್ ಪಟ್ಟಿ, ಸಾಫ್ಟ್‌ವೇರಿನ ವಾರ್ಷಿಕ ಶುಲ್ಕ, ಜಿಎಸ್‌ಟಿ ಇವೆಲ್ಲ ಬೇರೆ. ಈಗ ಕಾಗದದ ಲೆಕ್ಕ ಹಾಕಿ. ದಿನಸಿ, ಸೋಪು, ಬಿಸ್ಕತ್ತಿನ ಸಾಲುಗಳಲ್ಲಿ ವಾರಕ್ಕೆ 250 ಚೀಟಿ ಬದಲಾಗುತ್ತದೆ ಎಂದಿಟ್ಟುಕೊಳ್ಳೋಣ. ಪ್ರಿಂಟ್ ತೆಗೆದು, ಜಾಗ ಹುಡುಕಿ, ಸಿಕ್ಕಿಸಲು ಒಂದಕ್ಕೆ ಒಂದು ನಿಮಿಷ ಹಿಡಿದರೂ ವಾರಕ್ಕೆ ನಾಲ್ಕು ಗಂಟೆಯ ಕೆಲಸ. ಗಂಟೆಗೆ 80 ರೂಪಾಯಿ ಸಂಬಳವೆಂದರೆ ವರ್ಷಕ್ಕೆ ಸುಮಾರು 17,000. ಕಾಗದ, ಪ್ರಿಂಟರಿನ ಖರ್ಚು ಸೇರಿಸಿ 25,000 ಎನ್ನಿ. ಲೇಬಲ್ಲಿನ ಬ್ಯಾಟರಿ ಐದಾರು ವರ್ಷಕ್ಕೆ ಮುಗಿಯುತ್ತದೆ, ಆದರೆ ಈ ಲೆಕ್ಕದಲ್ಲಿ ಹಣ ಹುಟ್ಟಲು 78 ವರ್ಷ ಬೇಕು.

ದಿನವೂ ದರ ಬದಲಾಗುವ ಸಾಮಾನಿಗೆ ಮಾತ್ರ ಹಾಕಿಸಿದರೆ ಲೆಕ್ಕ ಬೇರೆ. ತರಕಾರಿ, ಹಣ್ಣು, ತೆಂಗಿನಕಾಯಿ, ಬಿಡಿ ಅಕ್ಕಿ, ಬೇಳೆ, ಮೀನು ಎಲ್ಲ ಸೇರಿ 150 ಲೇಬಲ್ ಎಂದರೆ 97,500 ರೂಪಾಯಿ. ದಿನಕ್ಕೆ 150 ಚೀಟಿ ಬದಲಿಸಲು ಎರಡೂವರೆ ಗಂಟೆ, 200 ರೂಪಾಯಿ, ವರ್ಷಕ್ಕೆ 72,000. ಗೇಟ್‌ವೇ ಸೇರಿಸಿದರೂ ಎರಡು ವರ್ಷದ ಆಸುಪಾಸಿನಲ್ಲಿ ಹಣ ಹುಟ್ಟುತ್ತದೆ. ತರಕಾರಿಯ ದರವನ್ನೆಲ್ಲ ಒಂದೇ ಕರಿಹಲಗೆಯಲ್ಲಿ ಬರೆಯುವ ರೂಢಿ ಈಗಾಗಲೇ ಇದ್ದರೆ ಅಷ್ಟೂ ಬೇಡ. ಬಳಪಕ್ಕಿಂತ ಅಗ್ಗದ ತಂತ್ರಜ್ಞಾನ ಇನ್ನೂ ಬಂದಿಲ್ಲ.

ಒಂದೇ ರಾತ್ರಿಯಲ್ಲಿ ನೂರಾರು ದರ ಬದಲಾಗುವ ದಿನಗಳೂ ಇವೆ. 2025ರ ಸೆಪ್ಟೆಂಬರ್ 22ರಂದು ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಗಳ ಜಿಎಸ್‌ಟಿ 18ರಿಂದ 5 ಶೇಕಡಾಕ್ಕೆ ಇಳಿದಾಗ ಪರದೆ ಇದ್ದವರಿಗೆ ರ‍್ಯಾಕಿನ ಕೆಲಸ ಸುಲಭವಾಯಿತು. ಆದರೆ ಅಂಥ ದಿನ ವರ್ಷವರ್ಷವೂ ಬರುವುದಿಲ್ಲ. ಅದೊಂದನ್ನೇ ನೆಚ್ಚಿ 19 ಲಕ್ಷ ಸುರಿಯಬೇಡಿ.

ಸಣ್ಣದಾಗಿ ಶುರು ಮಾಡುವುದಾದರೂ ಕೊಟೇಶನ್ ಕೊಟ್ಟವರಿಂದ ಕೆಲವು ವಿಷಯ ಬರಹದಲ್ಲಿ ಪಡೆಯಿರಿ. ಮುಖ್ಯವಾದದ್ದು, ದರ ಕಳಿಸಿದ ಮೇಲೆ ಯಾವ ಲೇಬಲ್ ಬದಲಾಗಲಿಲ್ಲ ಎಂಬ ಪಟ್ಟಿ ದಿನಾ ಬೆಳಿಗ್ಗೆ ಬರುತ್ತದೆಯೇ ಎಂಬುದು. 'ನಮ್ಮದು 99 ಶೇಕಡಾ ಯಶಸ್ವಿ' ಎನ್ನುವ ಮಾತು ಕೇಳಲು ಚೆನ್ನ. 3,000 ಲೇಬಲ್ಲಿನಲ್ಲಿ ಅದು ಹಳೆ ದರ ತೋರಿಸುತ್ತ ಕೂತ 30 ಲೇಬಲ್. ಯಾವ 30 ಎಂದು ಗೊತ್ತಾಗದಿದ್ದರೆ ಕಾಗದಕ್ಕಿಂತ ಕಡೆ. ಎರಡನೆಯದು, ಗೇಟ್‌ವೇ ಪರೀಕ್ಷೆ. ರ‍್ಯಾಕ್ ಖಾಲಿ ಇದ್ದಾಗ ಸಿಗ್ನಲ್ ಎಲ್ಲ ಕಡೆ ಓಡಾಡುತ್ತದೆ. ಎಣ್ಣೆ ಡಬ್ಬಿ, ನೀರಿನ ಬಾಟಲಿ, ಕಬ್ಬಿಣದ ರ‍್ಯಾಕ್ ತುಂಬಿದ ಮೇಲೆ 2.4 ಗಿಗಾಹರ್ಟ್ಸ್‌ನ ಅಲೆಗೆ ದಾರಿಯೇ ಇರುವುದಿಲ್ಲ. ಹಾಗಾಗಿ ಪರೀಕ್ಷೆ ಸ್ಟಾಕ್ ತುಂಬಿದ ಅಂಗಡಿಯಲ್ಲೇ ಆಗಲಿ, ಗೇಟ್‌ವೇಯನ್ನು ಫಾಲ್ಸ್ ಸೀಲಿಂಗಿನ ಮೇಲೆ ಬಚ್ಚಿಡದೆ ಕೆಳಗೆ ಕಾಣುವಂತೆ ತೂಗುಹಾಕಲಿ. ಹಳೆಯ ಮುರಕಲ್ಲಿನ ದಪ್ಪ ಗೋಡೆ ಮಧ್ಯೆ ಬಂದರೆ ಆ ಕಡೆಗೆ ಇನ್ನೊಂದು ಗೇಟ್‌ವೇ ಬೇಕು. ಅಂಗಡಿಯ ವೈ-ಫೈ ಕೂಡ ಅದೇ 2.4ರಲ್ಲಿ ಓಡುತ್ತಿದ್ದರೆ ಅದನ್ನು 1, 6, 11ರಲ್ಲಿ ಒಂದು ಚಾನೆಲ್ಲಿಗೆ ಕಟ್ಟಿಹಾಕಿ. 'ಆಟೋ'ದಲ್ಲಿ ಬಿಟ್ಟರೆ ಇವತ್ತು ಸರಿಯಿದ್ದದ್ದು ನಾಳೆ ಕೈಕೊಡುತ್ತದೆ.

ಮೂರನೆಯದು, ತರಂಗಾಂತರ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದವುಗಳಲ್ಲಿ ಇಂಥ ಲೇಬಲ್ಲಿಗೆ ಒದಗುವುದು ಮುಖ್ಯವಾಗಿ 2.4 ಗಿಗಾಹರ್ಟ್ಸ್ ಮತ್ತು 865ರಿಂದ 868 ಮೆಗಾಹರ್ಟ್ಸ್. ಅಮೆರಿಕಕ್ಕೆಂದು ಮಾಡಿದ 902–928 ಮೆಗಾಹರ್ಟ್ಸಿನ ಲೇಬಲ್ ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ಬೇಡ. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ರೇಡಿಯೋ ಉಪಕರಣಕ್ಕೆ ಕೊಡುವ ಅನುಮೋದನೆಯ, ಅಂದರೆ ಇಟಿಎ ಪ್ರಮಾಣಪತ್ರದ ಪ್ರತಿ ಕೇಳಿ. ಕೊನೆಯದಾಗಿ, ವಾರ್ಷಿಕ ಶುಲ್ಕ ನಿಲ್ಲಿಸಿದರೆ ಲೇಬಲ್ ಕೆಲಸ ಮಾಡುತ್ತದೆಯೋ ಇಲ್ಲವೋ ಕೇಳಿ. ಒಂದು ಕಂಪನಿಯ ಲೇಬಲ್ ಇನ್ನೊಂದು ಕಂಪನಿಯ ಗೇಟ್‌ವೇ ಜತೆ ಮಾತಾಡುವುದು ಅಪರೂಪ. 2023ರ ಬ್ಲೂಟೂತ್ 5.4ರಲ್ಲಿ ಎಲ್ಲರಿಗೂ ಹೊಂದುವ ಮಾನದಂಡ ಬಂದಿದೆ. ಅದರ ಪ್ರಕಾರ ಒಂದು ಗೇಟ್‌ವೇಗೆ 128 ಗುಂಪು, ಗುಂಪಿಗೆ 255ರಂತೆ 32,640 ಲೇಬಲ್‌ವರೆಗೆ ವಿಳಾಸ ಕೊಡಬಹುದು. ಆದರೆ ಪೆಟ್ಟಿಗೆಯ ಮೇಲೆ 'ಬ್ಲೂಟೂತ್' ಎಂದಿದ್ದ ಮಾತ್ರಕ್ಕೆ ಅದು ಈ ಮಾನದಂಡದ್ದೇ ಎಂದುಕೊಳ್ಳಬೇಡಿ.

ಪ್ರಶ್ನೆ: ಕದ್ರಿಯ ಅಂಗಡಿಯೊಂದರಲ್ಲಿ ಪರದೆಯಲ್ಲಿ 118 ಇತ್ತು, ಬಿಲ್ಲಿನಲ್ಲಿ 125 ಬಂತು. ಪೊಟ್ಟಣದ ಎಂಆರ್‌ಪಿ 130. ಕೇಳಿದರೆ 'ಸಿಸ್ಟಮಿನಲ್ಲಿ ಹಾಗೆ ಉಂಟು ಮೇಡಂ' ಎಂದರು. ಇದು ಮೋಸವಾ, ತಾಂತ್ರಿಕ ತೊಂದರೆಯಾ?
– ಗೃಹಿಣಿ, ಮಂಗಳೂರು

ಉತ್ತರ: ಹೆಚ್ಚಿನ ಸಲ ತಾಂತ್ರಿಕ ತೊಂದರೆ. ಆದರೆ ಅದರ ಭಾರ ನಿಮ್ಮ ಮೇಲೆ ಬೀಳಬೇಕಾಗಿಲ್ಲ.

ಪರದೆಗೆ ಸ್ವಂತ ಬುದ್ಧಿ ಇಲ್ಲ. ದರ ಇರುವುದು ಬಿಲ್ಲಿಂಗ್ ಸಾಫ್ಟ್‌ವೇರಿನ ಡೇಟಾಬೇಸಿನಲ್ಲಿ. ಅಲ್ಲಿಂದ ಲೇಬಲ್ಲಿನ ಸರ್ವರಿಗೆ, ಸರ್ವರಿನಿಂದ ಗೇಟ್‌ವೇಗೆ, ಗೇಟ್‌ವೇಯಿಂದ ಲೇಬಲ್ಲಿಗೆ ಹೋಗಬೇಕು. ಈ ದಾರಿಯಲ್ಲಿ ಎಲ್ಲಿ ತಡೆದರೂ ಕೌಂಟರಿನಲ್ಲಿ ಹೊಸ ದರ, ರ‍್ಯಾಕಿನಲ್ಲಿ ಹಳೆ ದರ. ಪರದೆ ಕೆಟ್ಟು ಕಪ್ಪಾಗಿದ್ದರೆ ಯಾರಾದರೂ ಗಮನಿಸುತ್ತಿದ್ದರು. ಇದು ಹಳೆ ದರವನ್ನು ಅಚ್ಚುಕಟ್ಟಾಗಿ ತೋರಿಸುತ್ತಲೇ ಇರುತ್ತದೆ. ಇನ್ನೊಂದು ಕಾರಣ, ಜೋಡಣೆ. ಲೇಬಲ್ಲಿನ ಮೇಲಿರುವ ಬಾರ್‌ಕೋಡನ್ನೂ ಸಾಮಾನಿನ ಬಾರ್‌ಕೋಡನ್ನೂ ಒಂದರ ಹಿಂದೊಂದು ಸ್ಕ್ಯಾನ್ ಮಾಡಿ ಜೋಡಿಸುತ್ತಾರೆ. 200 ಮಿಲಿ ಬಾಟಲಿಗೆ ಜೋಡಿಸಿದ ಲೇಬಲ್ 250 ಮಿಲಿಯ ಕೆಳಗೆ ಕೂತಿದ್ದರೆ ದರ ಸರಿಯೇ ಇರುತ್ತದೆ, ಸಾಮಾನು ಬೇರೆ. ಹಾಗಾಗಿ ಅಂಕಿಯನ್ನಷ್ಟೇ ಅಲ್ಲ, ಪರದೆಯಲ್ಲಿರುವ ಹೆಸರು ಮತ್ತು ತೂಕವನ್ನೂ ಓದಿ.

ನೀವು ಮಾಡಬೇಕಾದದ್ದು: ಪರದೆ ಮತ್ತು ಪೊಟ್ಟಣ ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ಫೋಟೋ ತೆಗೆಯಿರಿ. ಇದನ್ನು ಬಿಲ್ ಆಗುವ ಮೊದಲೇ ಮಾಡಿದರೆ ಒಳ್ಳೆಯದು, ನೀವು ಕೌಂಟರಿಗೆ ಹೋಗಿ ಬರುವಷ್ಟರಲ್ಲಿ ಪರದೆ ಬದಲಾಗಿಬಿಡಬಹುದು. ಕೌಂಟರಿನಲ್ಲಿ ತೋರಿಸಿ 118ಕ್ಕೇ ಬಿಲ್ ಮಾಡಿಸಿ. ಒಪ್ಪದಿದ್ದರೆ ಸಾಮಾನು ಬಿಟ್ಟುಬರಬಹುದು, ಇಲ್ಲವೇ ಬಿಲ್ ಪಡೆದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಎಂಆರ್‌ಪಿಗಿಂತ ಹೆಚ್ಚು ಪಡೆದಿದ್ದರೆ ವಿಷಯ ನೇರ, ಅದು ಕಾನೂನು ಮಾಪನಶಾಸ್ತ್ರ ಇಲಾಖೆಗೆ ಹೋಗುವ ದೂರು. ನಿಮ್ಮ ಹಾಗೆ ಎಂಆರ್‌ಪಿಯ ಒಳಗೇ ಇದ್ದು ಲೇಬಲ್ಲಿಗಿಂತ ಹೆಚ್ಚಾಗಿದ್ದರೆ ವಾದ ಮಾಡಬೇಕಾಗುತ್ತದೆ, ಆಗ ಆ ಫೋಟೋ ಬೇಕು. 5 ಲಕ್ಷದವರೆಗಿನ ಪ್ರಕರಣಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ. ಏಳು ರೂಪಾಯಿಗೆ ಯಾರೂ ಅಲ್ಲಿಯವರೆಗೆ ಹೋಗುವುದಿಲ್ಲ ಎಂಬುದು ಅಂಗಡಿಯವರಿಗೂ ಗೊತ್ತು.

ಅಂಗಡಿಯವರಿಗೆ ಒಂದು ಮಾತು. ದರ ಏರುವುದಾದರೆ ಮೊದಲು ರ‍್ಯಾಕಿನ ಲೇಬಲ್ ಬದಲಿಸಿ, ಬದಲಾಯಿತೆಂಬ ಉತ್ತರ ಬಂದ ಮೇಲೆ ಬಿಲ್ಲಿಂಗ್ ಬದಲಿಸಿ. ಇಳಿಯುವುದಾದರೆ ಮೊದಲು ಬಿಲ್ಲಿಂಗ್, ಆಮೇಲೆ ಲೇಬಲ್. ಹೀಗೆ ಮಾಡಿದರೆ ಮಧ್ಯೆ ಎಲ್ಲಿ ತಡೆದರೂ ಗ್ರಾಹಕರು ಕೊಡುವುದು ಪರದೆಯಲ್ಲಿ ಕಂಡದ್ದಕ್ಕಿಂತ ಕಡಿಮೆಯೇ. ಎರಡನ್ನೂ ಒಂದೇ ಗುಂಡಿಯಲ್ಲಿ ಬದಲಿಸುವ ಸಾಫ್ಟ್‌ವೇರ್ ಇದ್ದರೆ ಶಟರ್ ಎಳೆದ ಮೇಲೆ ಒತ್ತಿ.

ಪ್ರಶ್ನೆ: ಒಂದೇ ಬಾರ್‌ಕೋಡಿನ ಸಾಮಾನು, ಹಳೇ ಸ್ಟಾಕಿಗೆ ಎಂಆರ್‌ಪಿ 48, ಹೊಸದಕ್ಕೆ 50. ಪರದೆ ಒಂದೇ. ಏನು ತೋರಿಸುವುದು?
– ಬಿಲ್ಲಿಂಗ್ ನೋಡಿಕೊಳ್ಳುವವರು, ಕಾಪು

ಉತ್ತರ: ವಿದೇಶದಲ್ಲಿ ಬರೆದ ಲೇಬಲ್ ಸಾಫ್ಟ್‌ವೇರ್ ನಮ್ಮಲ್ಲಿ ಎಡವುವುದು ಇಲ್ಲಿಯೇ. ಪೊಟ್ಟಣದ ಮೇಲೆ ಎಂಆರ್‌ಪಿ ಅಚ್ಚಾಗದ ದೇಶದಲ್ಲಿ ಒಂದು ಬಾರ್‌ಕೋಡಿಗೆ ಒಂದು ದರ, ಅಷ್ಟೇ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಸ್ಕ್ಯಾನ್ ಮಾಡಿದಾಗ 'ಯಾವ ಎಂಆರ್‌ಪಿ' ಎಂದು ಕೇಳುವ ಕಿಟಕಿ ತೆರೆಯುತ್ತದೆ. ಲೇಬಲ್ಲಿಗೆ ಕಳಿಸುವಾಗ ಆ ಎರಡರಲ್ಲಿ ಕೊನೆಗೆ ನಮೂದಾದದ್ದು, ಅಂದರೆ 50, ಹೋಗಿಬಿಡುತ್ತದೆ. 48ರ ಪೊಟ್ಟಣದ ಎದುರು 50 ಎಂದು ಕಾಣುತ್ತದೆ. ಕೌಂಟರಿನಲ್ಲೂ 50 ಪಡೆದರೆ ನೇರ ಕಾನೂನು ಉಲ್ಲಂಘನೆ.

ಹಳೇ ಸ್ಟಾಕ್ ಮುಗಿಯುವವರೆಗೆ ಹೊಸದನ್ನು ಗೋಡೌನಿನಿಂದ ತರದಿರುವುದೇ ಸರಳ ದಾರಿ. ಅದು ಆಗದಿದ್ದರೆ ಎರಡನ್ನೂ 48ಕ್ಕೇ ಮಾರಿ. ಎಂಆರ್‌ಪಿ ಎಂದರೆ ಗರಿಷ್ಠ ಮಿತಿ, ಕಡಿಮೆಗೆ ಮಾರಲು ಯಾರ ಅಡ್ಡಿಯೂ ಇಲ್ಲ. ಬೇರೆಬೇರೆ ದರಕ್ಕೇ ಮಾರಬೇಕೆಂದರೆ ಹೊಸ ಸ್ಟಾಕಿಗೆ ಅಂಗಡಿಯ ಒಳಗಿನ ಬೇರೆ ಕೋಡ್ ಕೊಟ್ಟು, ಬೇರೆ ಸಾಲಿನಲ್ಲಿಟ್ಟು, ಬೇರೆ ಲೇಬಲ್ ಜೋಡಿಸಬೇಕು. ಹಳೆ ಎಂಆರ್‌ಪಿಯ ಮೇಲೆ ಹೆಚ್ಚಿನ ದರದ ಸ್ಟಿಕ್ಕರ್ ಹಚ್ಚುವ ಯೋಚನೆ ಮಾತ್ರ ಬೇಡ.

ಪರದೆಯಲ್ಲಿ ಜಾಗವಿದ್ದರೆ ಗ್ರಾಮಿನ ಅಥವಾ ಕಿಲೋದ ದರವನ್ನೂ ಹಾಕಿ. ಪೊಟ್ಟಣದ ಮೇಲೆ ಅದನ್ನು ನಮೂದಿಸುವ ನಿಯಮವಿದೆ: ಕಿಲೋಗಿಂತ ಕಡಿಮೆ ಇದ್ದರೆ ಗ್ರಾಮಿಗೆ, ಹೆಚ್ಚಿದ್ದರೆ ಕಿಲೋಗೆ. ಆದರೆ ಅದು ಎಂಆರ್‌ಪಿಯ ಮೇಲಿನ ಲೆಕ್ಕ. ನೀವು ರಿಯಾಯಿತಿ ದರಕ್ಕೆ ಮಾರುವಾಗ ಲೇಬಲ್ಲಿನಲ್ಲಿ ಮಾರುವ ದರದಿಂದಲೇ ಭಾಗಿಸಿ ತೋರಿಸಿದರೆ ಗಿರಾಕಿಗೆ ಉಪಯೋಗ.

ಪ್ರಶ್ನೆ: ಮೆಸ್ಕಾಂ ಕರೆಂಟ್ ಹೋದರೆ ಪರದೆಗಳೆಲ್ಲ ಕಪ್ಪಾಗುತ್ತವೆಯೇ?
– ಓದುಗರು, ಮೂಲ್ಕಿ

ಉತ್ತರ: ಇಲ್ಲ. ಇವು ಹೆಚ್ಚಾಗಿ ಇ-ಪೇಪರ್ ಪರದೆ. ಒಳಗಿನ ಕಪ್ಪು, ಬಿಳಿ ಕಣಗಳು ವಿದ್ಯುತ್ ಕೊಟ್ಟಾಗ ಮೇಲೆ ಕೆಳಗೆ ಸರಿದು, ಕೊಡುವುದನ್ನು ನಿಲ್ಲಿಸಿದ ಮೇಲೆ ಅಲ್ಲೇ ನಿಲ್ಲುತ್ತವೆ. ಬ್ಯಾಟರಿ ಕಿತ್ತರೂ ಅಂಕಿ ಉಳಿಯುತ್ತದೆ. ಕರೆಂಟ್ ಬೇಕಾದದ್ದು ಗೇಟ್‌ವೇ, ರೂಟರ್ ಮತ್ತು ಸರ್ವರಿಗೆ. ಬಿಲ್ಲಿಂಗ್ ಕಂಪ್ಯೂಟರಿನ ಯುಪಿಎಸ್‌ಗೆ ಅವನ್ನೂ ಸೇರಿಸಿ. ಬಣ್ಣಬಣ್ಣದ ವಿಡಿಯೋ ಓಡುವ ಉದ್ದನೆಯ ಎಲ್‌ಸಿಡಿ ಪಟ್ಟಿಗಳು ಬೇರೆ ಜಾತಿ. ಅವಕ್ಕೆ ತಂತಿ ಬೇಕು, ಕರೆಂಟ್ ಹೋದರೆ ಅವು ಆರುತ್ತವೆ.

ಪ್ರಶ್ನೆ: ಮಲ್ಪೆ ಮೀನಿನ ದರ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಮೀನಿನ ಕೌಂಟರಿಗೆ ಈ ಲೇಬಲ್ ಹಾಕಿಸಿದೆವು. ಕೆಂಪು ಅಂಕಿ ಗುಲಾಬಿಯಾಗಿ ಕಾಣುತ್ತದೆ, ಕೆಲವು ಅರ್ಧಕ್ಕೇ ನಿಲ್ಲುತ್ತವೆ. ಏನು ಮಾಡುವುದು?
– ಮೀನು ಮಳಿಗೆಯವರು, ಉಡುಪಿ

ಉತ್ತರ: ಲೇಬಲ್ ತಣ್ಣಗಾಗಿದೆ. ಸಾಮಾನ್ಯ ಇ-ಪೇಪರ್ ಲೇಬಲ್ 0ಯಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಮಾಡಿದ್ದು. ನೀವದನ್ನು ಮಂಜುಗಡ್ಡೆಗೇ ಚುಚ್ಚಿದ್ದೀರಿ. ತಣ್ಣಗಾದಷ್ಟೂ ಒಳಗಿನ ದ್ರವ ಮಂದವಾಗುತ್ತದೆ, ಕಣ ನಿಧಾನ ಸರಿಯುತ್ತದೆ. ಕೆಂಪು ಕಣ ಮೊದಲೇ ನಿಧಾನದ್ದು. ಪೂರ್ತಿ ಮೇಲೆ ಬಾರದೆ ಬಿಳಿಯ ಜತೆ ಬೆರೆತು ಗುಲಾಬಿಯಾಗುತ್ತದೆ. ಅರ್ಧಕ್ಕೆ ನಿಲ್ಲುವುದು ಬ್ಯಾಟರಿಯ ಕಾರಣಕ್ಕೆ. ಚಿತ್ರ ಬದಲಿಸುವಾಗ ಲೇಬಲ್ ತನ್ನ 3 ವೋಲ್ಟನ್ನು 15 ವೋಲ್ಟಿಗೆ ಏರಿಸಿಕೊಳ್ಳುತ್ತದೆ. ಚಳಿಗೆ ಬಟನ್ ಸೆಲ್ಲಿನ ಒಳರೋಧ ಹೆಚ್ಚಿ, ಆ ಎಳೆತಕ್ಕೆ ವೋಲ್ಟೇಜ್ ಕುಸಿದು ಲೇಬಲ್ ನಡುವೆಯೇ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಲೇಬಲ್ಲನ್ನು ಮಂಜಿನಿಂದ ಮೇಲೆತ್ತಿ. 20 ಸೆಂಟಿಮೀಟರಿನ ಕಡ್ಡಿಯ ಸ್ಟ್ಯಾಂಡ್, ಅಥವಾ ಕೌಂಟರಿನ ಮುಂದಿನ ಗಾಜಿನ ಹೊರಗೆ ಪಟ್ಟಿ, ಯಾವುದಾದರೂ ಸರಿ. ಫ್ರೀಜರಿನ ಸಾಮಾನಿಗೂ ಇದೇ ಮಾತು. ಒಳಗಿಡಲೇಬೇಕೆಂದರೆ ಮೈನಸ್ 25 ಡಿಗ್ರಿಗೆಂದೇ ಮಾಡಿದ ಕಪ್ಪು-ಬಿಳುಪು ಲೇಬಲ್ ಸಿಗುತ್ತದೆ, ಬೆಲೆ ಹೆಚ್ಚು. ಬಾಗಿಲಿನ ಚೌಕಟ್ಟಿನ ಹೊರಗೆ ಅಂಟಿಸಿದರೆ ಸಾಮಾನ್ಯದ್ದೇ ಸಾಕು, ತಗಡಿನ ಪೆಟ್ಟಿಗೆಯೊಳಗೆ ಸಿಗ್ನಲ್ ಹೋಗದ ತೊಂದರೆಯೂ ತಪ್ಪುತ್ತದೆ. ಬಾಗಿಲಿಗಲ್ಲ, ಚೌಕಟ್ಟಿಗೆ, ಬಾಗಿಲು ತೆರೆದಾಗ ಲೇಬಲ್ ಪಕ್ಕದ ಸಾಮಾನಿನ ಮುಂದೆ ಹೋಗಿ ನಿಲ್ಲಬಾರದು.

ನೀರಿಗೆ ಐಪಿ67 ಎಂದು ಬರೆದ ಲೇಬಲ್ ತೆಗೆದುಕೊಳ್ಳಿ. ಅದು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದಷ್ಟೇ ಅರ್ಥ. ರಾತ್ರಿ ಪೈಪು ಹಿಡಿದು ರಭಸದಲ್ಲಿ ತೊಳೆಯುವುದಕ್ಕೆ ಅದರಲ್ಲಿ ಭರವಸೆ ಇಲ್ಲ. ತೊಳೆಯುವ ಮೊದಲು ಎತ್ತಿಡಿ, ಉಪ್ಪುನೀರಿನ ಪಸೆಯನ್ನು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ.

ಮೀನಿನ ಕೌಂಟರಿನಲ್ಲಿ ದರ ಎರಡಲ್ಲ, ಮೂರು ಕಡೆ ಇರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ತಕ್ಕಡಿಯ ಒಳಗೂ ಒಂದು ದರಪಟ್ಟಿ ಇದೆ. ತೂಗಿದಾಗ ಬರುವ, 2ರಿಂದ ಶುರುವಾಗುವ ಬಾರ್‌ಕೋಡಿನಲ್ಲಿ ಬೆಲೆಯೇ ಅಡಗಿದ್ದರೆ ಕೌಂಟರಿನವರು ಅದನ್ನಷ್ಟೇ ಓದುತ್ತಾರೆ. ಅಂಜಲ್ ದರ ಲೇಬಲ್ಲಿನಲ್ಲಿ ಇಳಿದು ತಕ್ಕಡಿಯಲ್ಲಿ ಇಳಿಯದಿದ್ದರೆ ಬಿಲ್ಲಿಂಗ್ ಸರಿಯಿದ್ದೂ ಜಗಳ ತಪ್ಪಿದ್ದಲ್ಲ. ಹಾಗಾಗಿ ಮೊದಲು ಹೇಳಿದ ಕ್ರಮದಲ್ಲಿ 'ಬಿಲ್ಲಿಂಗ್' ಎಂದಿರುವಲ್ಲಿ ಇಲ್ಲಿ 'ತಕ್ಕಡಿ' ಎಂದು ಓದಿಕೊಳ್ಳಿ. ಬಂಗುಡೆ, ಬೂತಾಯಿ, ಕಾಣೆಗೆ ದರದ ಕೆಳಗೆ 'ಇಡೀ ಮೀನಿನ ತೂಕಕ್ಕೆ' ಅಥವಾ 'ಕ್ಲೀನ್ ಮಾಡಿದ ಮೇಲೆ' ಎಂಬ ಸಾಲು ಇರಲಿ. ಜೂನ್ 1ರಿಂದ ಜುಲೈ 31ರ ಟ್ರಾಲಿಂಗ್ ನಿಷೇಧದ ದಿನಗಳಲ್ಲಿ ಮೀನೇ ಇಲ್ಲದ ಲೇಬಲ್ಲಿಗೆ 'ಇಂದು ಇಲ್ಲ' ಎಂಬ ಚಿತ್ರ ಕಳಿಸಿಬಿಡಿ. ಮೇ ತಿಂಗಳ ದರ ಹೊತ್ತು ನಿಂತ ಲೇಬಲ್ ನೋಡಿ ಗಿರಾಕಿಗಳು ಕೇಳುತ್ತಲೇ ಇರುತ್ತಾರೆ.

ಪ್ರಶ್ನೆ: ಲೇಬಲ್ಲಿನಲ್ಲಿ ಕನ್ನಡ ಹೆಸರು ಹಾಕಬೇಕೆಂದು ಆಸೆ. 'ಕುಚ್ಚಲಕ್ಕಿ' ಎಂದು ಕೊಟ್ಟರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ, ಕೆಲವು ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆ. ಕನ್ನಡ ಬರುವುದೇ ಇಲ್ಲ ಎನ್ನುತ್ತಾರೆ ಕಂಪನಿಯವರು.
– ಕಂಪ್ಯೂಟರ್ ವಿಭಾಗದವರು, ಮಣಿಪಾಲ

ಉತ್ತರ: ಬರುತ್ತದೆ. ಲೇಬಲ್ಲಿಗೆ ಭಾಷೆ ಗೊತ್ತಿಲ್ಲ, ಅದಕ್ಕೆ ಬರುವುದು ಚುಕ್ಕಿಗಳ ಚಿತ್ರ. ತೊಂದರೆ ಇರುವುದು ಚಿತ್ರ ತಯಾರಾಗುವ ಕಡೆ, ಮತ್ತು ಪರದೆಯಲ್ಲಿ ಏನು ಕಾಣುತ್ತದೆ ಎಂಬುದೇ ತೊಂದರೆ ಎಲ್ಲಿದೆ ಎಂದು ಹೇಳಿಬಿಡುತ್ತದೆ.

ಚೌಕ ಡಬ್ಬಿಗಳು ಕಂಡರೆ ಸರ್ವರಿನಲ್ಲಿ ಕನ್ನಡ ಫಾಂಟ್ ಇಲ್ಲ; ನೋಟೊ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ, ಹಾಕಿಸಿ. ಪ್ರಶ್ನಾರ್ಥಕ ಚಿಹ್ನೆ ಕಂಡರೆ ಅಕ್ಷರ ದಾರಿಯಲ್ಲೇ ಕಳೆದುಹೋಗಿದೆ: ಡೇಟಾಬೇಸಿನ ಕಾಲಮ್ ಯೂನಿಕೋಡಿನದಲ್ಲ, ಅಥವಾ ಎಕ್ಸೆಲ್‌ನಲ್ಲಿ 'ಸಿಎಸ್‌ವಿ ಯುಟಿಎಫ್-8' ಎಂದು ಆರಿಸದೆ ಬರೀ 'ಸಿಎಸ್‌ವಿ' ಎಂದು ಉಳಿಸಿದ್ದಾರೆ. ಕಳೆದುಹೋದದ್ದನ್ನು ಮರಳಿ ಪಡೆಯಲಾಗದು, ಮೂಲ ಫೈಲಿನಿಂದಲೇ ಮತ್ತೆ ತೆಗೆಯಬೇಕು. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡರೆ ಯಾರೋ ಹೆಸರುಗಳನ್ನು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಹೊಡೆದಿದ್ದಾರೆ. ಇದು ಮಾತ್ರ ಕಳೆದುಹೋಗಿಲ್ಲ, ಪರಿವರ್ತಕದಿಂದ ಯೂನಿಕೋಡಿಗೆ ತರಬಹುದು. ಒತ್ತು ಬಿಡಿಸಿಕೊಂಡು 'ಚ್' ಪಕ್ಕದಲ್ಲಿ 'ಚ' ಕೂತಿದ್ದರೆ ಫಾಂಟ್ ಇದೆ, ಅಕ್ಷರ ಹೆಣೆಯುವ ಎಂಜಿನ್ ಇಲ್ಲ. ಚಿತ್ರ ತಯಾರಿಸುವ ಪ್ರೋಗ್ರಾಂ ಪೈಥಾನಿನ ಪಿಲ್ಲೋ ಬಳಸುತ್ತಿದ್ದರೆ ಅದಕ್ಕೆ ಲಿಬ್‌ರಾಕ್ಮ್ ಸೇರಿಸಿದರೆ ಸಾಕು. ಬೇರೆ ಕಡೆಯಾದರೆ ಹಾರ್ಫ್‌ಬಜ್ ಇದೆಯೇ ಎಂದು ಕಂಪನಿಯವರನ್ನು ಕೇಳಿ. 'ಕನ್ನಡ ಬರುವುದಿಲ್ಲ' ಎಂದವರು ಈ ಹೆಸರು ಕೇಳಿದ ಮೇಲೆ ಸಾಮಾನ್ಯವಾಗಿ 'ನೋಡುತ್ತೇವೆ' ಎನ್ನುತ್ತಾರೆ.

ಎಂಜಿನ್ ಸರಿಯಾದ ಮೇಲೂ ಜಾಗದ ಪ್ರಶ್ನೆ ಉಳಿಯುತ್ತದೆ. 2.13 ಇಂಚಿನ ಲೇಬಲ್ಲಿನಲ್ಲಿ ಇರುವುದು 250ಕ್ಕೆ 122 ಚುಕ್ಕಿ. ಇಂಗ್ಲಿಷ್ ಹೆಸರು 16 ಚುಕ್ಕಿ ಎತ್ತರದ ಸಾಲಿನಲ್ಲಿ ಓದಲು ಬರುತ್ತದೆ. ಕನ್ನಡಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು, 'ಕೊಬ್ಬರಿ ಎಣ್ಣೆ'ಯನ್ನೇ ನೋಡಿ. 26ರಿಂದ 28 ಚುಕ್ಕಿ ಇಲ್ಲದಿದ್ದರೆ ಬ್ಬ, ಣ್ಣ ಎರಡೂ ಮಸಿಯ ಮುದ್ದೆ. ದರಕ್ಕೆ 56, ಹೆಸರಿಗೆ 28, ಕಿಲೋ ದರಕ್ಕೆ 18 ಎಂದು ಹಂಚಿದರೆ ಮೇಲೆ ಕೆಳಗೆ ಅಂಚು ಬಿಟ್ಟೂ ಹಿಡಿಸುತ್ತದೆ. ಫಾಂಟಿನ ಅಂಚು ನಯಗೊಳಿಸುವ ಆಯ್ಕೆಯನ್ನು ತೆಗೆದುಬಿಡಿ. ಕಪ್ಪು-ಬಿಳಿ ಎರಡೇ ಇರುವ ಪರದೆಯಲ್ಲಿ ಬೂದು ಚುಕ್ಕಿ ಯಾವ ಕಡೆಗೋ ಬಿದ್ದು ಅಕ್ಷರ ಹರಿದಂತೆ ಕಾಣುತ್ತದೆ. ಎಳೆ ತೀರ ತೆಳ್ಳಗಿನ ಫಾಂಟ್ ಬೇಡ, ತೀರ ದಪ್ಪದ್ದೂ ಬೇಡ; ಮಧ್ಯಮ ದಪ್ಪದಲ್ಲಿ ಒತ್ತಿನ ಹೊಟ್ಟೆ ತೆರೆದೇ ಉಳಿಯುತ್ತದೆ.

ಎಕ್ಸೆಲ್ ವಿಷಯ ಬಂದದ್ದರಿಂದ ಇನ್ನೊಂದು. 890ರಿಂದ ಶುರುವಾಗುವ 13 ಅಂಕಿಯ ಬಾರ್‌ಕೋಡನ್ನು ಎಕ್ಸೆಲ್ ಸಂಖ್ಯೆ ಎಂದು ತಿಳಿದು 8.90ರ ಜತೆ ಹತ್ತರ ಘಾತವಾಗಿ ತೋರಿಸುತ್ತದೆ. ಹಾಗೆಯೇ ಸಿಎಸ್‌ವಿಗೆ ಉಳಿಸಿದರೆ ಕೊನೆಯ ಅಂಕಿಗಳೆಲ್ಲ ಸೊನ್ನೆ, ಹತ್ತಾರು ಸಾಮಾನಿಗೆ ಒಂದೇ ಬಾರ್‌ಕೋಡ್. ಆ ಕಾಲಮನ್ನು ಮೊದಲೇ 'ಟೆಕ್ಸ್ಟ್' ಮಾಡಿ.

ಪ್ರಶ್ನೆ: ಸಂಜೆ ಜನ ಸೇರಿದಾಗ ದರ ಏರಿಸಿ ಬಿಡಬಹುದಲ್ಲ ಮಾರಾಯ್ರೆ, ಗುಂಡಿ ಒತ್ತಿದರೆ ಆಯ್ತು!
– ಓದುಗರು, ಸುರತ್ಕಲ್

ಉತ್ತರ: ಒತ್ತಬಹುದು. ಅಮೆರಿಕದ ವಾಲ್‌ಮಾರ್ಟ್ 2,300 ಮಳಿಗೆಗಳಿಗೆ ಈ ಲೇಬಲ್ ಹಾಕುವುದಾಗಿ 2024ರಲ್ಲಿ ಹೇಳಿದಾಗ ಅಲ್ಲಿಯೂ ಎದ್ದ ಪ್ರಶ್ನೆ ಇದೇ. ನಮ್ಮಲ್ಲಿ ಪೊಟ್ಟಣದ ಸಾಮಾನಿಗೆ ಎಂಆರ್‌ಪಿಯ ಬೇಲಿ ಇದೆ. ರಿಯಾಯಿತಿ ಹಿಂದೆಗೆದು ಎಂಆರ್‌ಪಿವರೆಗೆ ಏರಿಸಬಹುದು, ದಾಟುವಂತಿಲ್ಲ. ಬಿಡಿ ತರಕಾರಿ, ಮೀನು, ಹೂವಿಗೆ ಆ ಬೇಲಿ ಇಲ್ಲ. ಶಂಕರಪುರ ಮಲ್ಲಿಗೆಯ ದರ ಮದುವೆ ದಿನಗಳಲ್ಲಿ ಹಾರುವುದು ಪರದೆ ಬರುವ ಮೊದಲೂ ಇತ್ತು.

ಅಂಗಡಿಯವರನ್ನು ತಡೆಯುವುದು ಇನ್ನೊಂದು. ಬುಟ್ಟಿಗೆ ಹಾಕಿಕೊಂಡವರು ಕೌಂಟರಿಗೆ ಬರಲು 20 ನಿಮಿಷ ಹಿಡಿಯುತ್ತದೆ. ನಡುವೆ ದರ ಏರಿಸಿದರೆ ಸಾಲಿನಲ್ಲಿ ನಿಂತ ಪ್ರತಿಯೊಬ್ಬರ ಜತೆಗೂ ಜಗಳ. ನಾಲ್ಕು ಬಣ್ಣದ ಲೇಬಲ್ ಬದಲಾಗುವಾಗ ಹದಿನೈದಿಪ್ಪತ್ತು ಸೆಕೆಂಡು ಮಿಣಮಿಣ ಎನ್ನುತ್ತದೆ, ಎದುರು ನಿಂತವರಿಗೆ ಕಾಣದೇ ಇರುವುದಿಲ್ಲ. ಸಂಜೆ ದರ ಇಳಿಸಲು ಇದು ಚೆನ್ನಾಗಿ ಒದಗುತ್ತದೆ: ಬಾಡುವ ಸೊಪ್ಪು, ನಾಳೆಗೆ ಅವಧಿ ಮುಗಿಯುವ ಬ್ರೆಡ್ಡು.

ಪ್ರಶ್ನೆ: ಐದು ವರ್ಷ ಬಾಳಿಕೆ ಎಂದಿದ್ದ ಬ್ಯಾಟರಿ ಎರಡೇ ಮಳೆಗಾಲಕ್ಕೆ ಮುಗಿಯಿತು. ಕಾರಣ?
– ಅಂಗಡಿ ಮಾಲೀಕರು, ಕುಂದಾಪುರ

ಉತ್ತರ: ಎರಡು ಕಾರಣ ಇರಬಹುದು, ಸೆಲ್ ಬಿಚ್ಚಿದರೆ ಯಾವುದೆಂದು ತಿಳಿಯುತ್ತದೆ. ಲೋಹದ ಪಟ್ಟಿಯ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ ಉಪ್ಪುಗಾಳಿ, ತೇವದ ಕೆಲಸ. ಸೆಲ್ಲಿನಲ್ಲಿ ಜೀವ ಇದ್ದರೂ ಸಂಪರ್ಕ ಇಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಒಣಗಿಸಿ, ಹೊಸ ಸೆಲ್ಲನ್ನು ಬರಿಗೈಯಿಂದ ಮುಟ್ಟದೆ ಅಂಚು ಹಿಡಿದು ಹಾಕಿ. ಎರಡು ಸೆಲ್ಲಿನ ಲೇಬಲ್ ಆದರೆ ಎರಡನ್ನೂ ಒಟ್ಟಿಗೆ, ಒಂದೇ ಕಂಪನಿಯದ್ದನ್ನು ಬದಲಿಸಿ. ಬಾಗಿಲ ಬಳಿ ಮಳೆ ಎರಚಲು ಬಡಿಯುವ ರ‍್ಯಾಕಿಗೆ ಕಾಗದವೇ ಇರಲಿ. ಪಡುವಣದ ಬಿಸಿಲು ನೇರ ಬೀಳುವ ಜಾಗವೂ ಇ-ಪೇಪರಿಗೆ ಆಗದು.

ಪಟ್ಟಿ ಹೊಳೆಯುತ್ತಿದ್ದರೆ ನಿಜಕ್ಕೂ ಖರ್ಚಾಗಿದೆ. ಲೆಕ್ಕ ಹೀಗೆ: ಸಿಆರ್ 2450 ಸೆಲ್ಲಿನಲ್ಲಿ ಸುಮಾರು 600 ಮಿಲಿಆಂಪಿಯರ್-ಗಂಟೆ. ಸುಮ್ಮನೆ ಕೂತು ಗೇಟ್‌ವೇ ಮಾತಿಗೆ ಕಿವಿಗೊಡಲು ಸರಾಸರಿ 10 ಮೈಕ್ರೊಆಂಪಿಯರ್ ಎಂದರೂ ವರ್ಷಕ್ಕೆ 88. ಬಣ್ಣದ ಚಿತ್ರ ಬದಲಿಸಲು 5 ಮಿಲಿಆಂಪಿಯರಿನಂತೆ 15 ಸೆಕೆಂಡು ಎಂದರೆ, ದಿನಕ್ಕೆ ಎರಡು ಸಲಕ್ಕೆ ವರ್ಷಕ್ಕೆ 15, ಹತ್ತು ಸಲಕ್ಕೆ 76. ಅಂದರೆ ದಿನಕ್ಕೆ ಎರಡು ಬದಲಾವಣೆಗೆ ಐದೂವರೆ ವರ್ಷ ಬರುವ ಸೆಲ್ ಹತ್ತಕ್ಕೆ ನಾಲ್ಕು ವರ್ಷ ಸಹ ಬಾರದು. ನಿಮ್ಮದು ಎರಡೇ ವರ್ಷಕ್ಕೆ ಮುಗಿದಿದ್ದರೆ ಸಿಗ್ನಲ್ ದುರ್ಬಲವಿರಬೇಕು: ಗೇಟ್‌ವೇ ಸಿಗದೆ ಲೇಬಲ್ ಮತ್ತೆ ಮತ್ತೆ ಹುಡುಕುತ್ತಿರುತ್ತದೆ. ಮುಗಿದ ಲೇಬಲ್ಲುಗಳೆಲ್ಲ ಅಂಗಡಿಯ ಒಂದೇ ಮೂಲೆಯವಾದರೆ ಸೆಲ್ ಬದಲಿಸುವ ಮೊದಲು ಅಲ್ಲಿಗೊಂದು ಗೇಟ್‌ವೇ ಹಾಕಿಸಿ.

ಪ್ರಶ್ನೆ: ಪ್ರಾಜೆಕ್ಟಿಗೆ ಇಎಸ್‌ಪಿ32 ಎಂಬ ವೈ-ಫೈ ಚಿಪ್ ಮತ್ತು 2.9 ಇಂಚಿನ ಇ-ಪೇಪರ್ ಸೇರಿಸಿ ಲೇಬಲ್ ಮಾಡಿದ್ದೇವೆ. ಯುಎಸ್‌ಬಿಯಲ್ಲಿ ಓಡುತ್ತದೆ, ಬಟನ್ ಸೆಲ್ಲಿನಲ್ಲಿ ಸತ್ತುಹೋಗುತ್ತದೆ.
– ಎಂಜಿನಿಯರಿಂಗ್ ವಿದ್ಯಾರ್ಥಿಗಳು, ನಿಟ್ಟೆ

ಉತ್ತರ: ವೈ-ಫೈ ಕಳಿಸುವಾಗ ಇಎಸ್‌ಪಿ32 ಕ್ಷಣಕಾಲ ನೂರಾರು ಮಿಲಿಆಂಪಿಯರ್ ಎಳೆಯುತ್ತದೆ. ಬಟನ್ ಸೆಲ್ ಹತ್ತಿಪ್ಪತ್ತಕ್ಕೇ ಬಳಲುತ್ತದೆ, ವೋಲ್ಟೇಜ್ ಕುಸಿದು ಚಿಪ್ ರೀಸೆಟ್ ಆಗುತ್ತದೆ. ದೊಡ್ಡ ಕೆಪಾಸಿಟರ್ ಹಾಕಿ ಸರಿಮಾಡಲು ಹೋಗಬೇಡಿ, ಸೆಕೆಂಡುಗಟ್ಟಲೆ ನಡೆಯುವ ವೈ-ಫೈ ಸಂಪರ್ಕಕ್ಕೆ ಅದು ಸಾಲದು. ವೈ-ಫೈಯೇ ಬೇಕೆಂದರೆ 18650 ಎಂಬ ದೊಡ್ಡ ಲಿಥಿಯಂ ಸೆಲ್ ಹಾಕಿ. ಬಟನ್ ಸೆಲ್ಲೇ ಬೇಕೆಂದರೆ ಎನ್‌ಆರ್‌ಎಫ್52 ಸರಣಿಯ ಬ್ಲೂಟೂತ್ ಚಿಪ್ ಹಿಡಿಯಿರಿ. ಅದು ಕಳಿಸುವಾಗ ಎಳೆಯುವುದು ಐದಾರು ಮಿಲಿಆಂಪಿಯರ್. ಅದರ ಜತೆ 100 ಮೈಕ್ರೊಫ್ಯಾರಡ್ ಕೆಪಾಸಿಟರ್ ಕೆಲಸಕ್ಕೆ ಬರುತ್ತದೆ. ಡೆವಲಪ್‌ಮೆಂಟ್ ಬೋರ್ಡಿನಲ್ಲಿ ಬ್ಯಾಟರಿ ಬಾಳಿಕೆ ಅಳೆಯಬೇಡಿ, ಚಿಪ್ ಮಲಗಿದರೂ ರೆಗ್ಯುಲೇಟರು, ಯುಎಸ್‌ಬಿ ಚಿಪ್ಪು, ಕೆಂಪು ಎಲ್‌ಇಡಿ ಎಚ್ಚರವಾಗಿಯೇ ಇರುತ್ತವೆ.

296ಕ್ಕೆ 128 ಚುಕ್ಕಿಯ ಒಂದು ಚಿತ್ರಕ್ಕೆ 4,736 ಬೈಟ್, ಕೆಂಪು ಸೇರಿದರೆ ಇನ್ನೊಂದು ಅಷ್ಟೇ. ಅಂಕಿ ಮಾತ್ರ ಬದಲಿಸುವ ಭಾಗಶಃ ರಿಫ್ರೆಶ್ ಬಳಸುತ್ತಿದ್ದರೆ ಐದಾರು ಸಲಕ್ಕೊಮ್ಮೆ ಪೂರ್ತಿ ರಿಫ್ರೆಶ್ ಕೊಡಿ, ಇಲ್ಲದಿದ್ದರೆ ಹಳೆ ಅಂಕಿಯ ನೆರಳು ಉಳಿಯುತ್ತದೆ. ಚಿತ್ರ ಬಂದ ಮೇಲೆ ಪರದೆಗೆ ಸ್ಲೀಪ್ ಆದೇಶ ಕಳಿಸಲು ಮರೆಯಬೇಡಿ. ಅಂಗಡಿಗಳು ಬಿಸಾಡಿದ ಹಳೆಯ ಲೇಬಲ್ ಸಿಕ್ಕಿದರೆ ಓಪನ್‌ಇಪೇಪರ್‌ಲಿಂಕ್ ಎಂಬ ಮುಕ್ತ ತಂತ್ರಾಂಶ ನೋಡಿ. ಅದು ಬೆಂಬಲಿಸುವ ಮಾದರಿಯಾದರೆ ಹಾರ್ಡ್‌ವೇರ್ ಮಾಡುವ ಕೆಲಸವೇ ತಪ್ಪುತ್ತದೆ.

ಪ್ರಶ್ನೆ: ಮುಗಿದ ಸೆಲ್ಲುಗಳನ್ನು ಒಣಕಸಕ್ಕೆ ಹಾಕಬಹುದೇ?
– ಓದುಗರು, ಬ್ರಹ್ಮಾವರ

ಉತ್ತರ: ಬೇಡ. ಪ್ರತಿ ಸೆಲ್ಲಿನ ಎರಡೂ ಮುಖಕ್ಕೆ ಸೆಲ್ಲೋಟೇಪ್ ಸುತ್ತಿ, ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು, ಲೇಬಲ್ ಮಾರಿದವರಿಗೇ ಮರಳಿಸಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಿಂಪಡೆಯುವ ಹೊಣೆ ತಯಾರಕರದು, ಆಮದುದಾರರದು. ಮಕ್ಕಳ ಕೈಗೆಟುಕುವ ಕೆಳಗಿನ ಸಾಲಿನ ಲೇಬಲ್ಲಿನ ಹಿಂದಿನ ಮುಚ್ಚಳ ಸಡಿಲವಾಗಿದೆಯೇ ಎಂದು ಆಗಾಗ ನೋಡಿ. ನುಂಗಿದ ಲಿಥಿಯಂ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟು ಹುಣ್ಣು ಮಾಡಬಲ್ಲದು. ಸಂಶಯ ಬಂದರೂ ವಾಂತಿ ಮಾಡಿಸುತ್ತ ಕೂರದೆ ನೇರ ಎಕ್ಸ್-ರೇ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.